ಇಂಗ್ಲಿಷ್ ಪದಗಳ ಬೇರು ತಿಳಿಸುವ ಕಾರ್ಡು ಡಬ್ಬಿ: 'ಅಟ್ಟಿಕ್' ಕಾರ್ಡು ಮಾತ್ರ ನಂಬಬೇಡಿ

ಮನೆಯ ಭಾಗಗಳಿಗೂ ಮೈಯ ಭಾಗಗಳಿಗೂ ಇಂಗ್ಲಿಷಿನಲ್ಲಿರುವ ಹೆಸರು ಎಲ್ಲಿಂದ ಬಂತು ಅಂತ ಹೇಳುವ ಕಾರ್ಡುಗಳ ಡಬ್ಬಿ ಇದು. ಹೈಸ್ಕೂಲಿಗೆ ಹೋಗುವ ಮಗಳಿಗಾಗಿ ಆನ್‌ಲೈನ್‌ನಲ್ಲಿ ತರಿಸಿದೆ. ನಾನು ಶಿರಸಿಯಲ್ಲಿ ಬಡಗಿ ಕೆಲಸದವನು. ಮನೆಯ ಕಾರ್ಡುಗಳನ್ನು ಅವಳಿಗಿಂತ ಜಾಸ್ತಿ ನಾನೇ ನೋಡಿದ್ದೇನೆ.

'ವಿಂಡೋ' ಕಾರ್ಡು ಸೊಗಸಾಗಿದೆ. ಹಳೆಯ ನಾರ್ಸ್ ಭಾಷೆಯಲ್ಲಿ ಅದು ಗಾಳಿಗಣ್ಣು. ನಮ್ಮ ಗವಾಕ್ಷಿಯಲ್ಲೂ ಕಣ್ಣೇ ಇದೆ, ಹಸುವಿನದು. 'ಜಾಂಬ್' ಅಂದರೆ ದಾರಂದದ ಪಕ್ಕದ ನಿಲುವು ಮರ. ಫ್ರೆಂಚಿನಲ್ಲಿ ಕಾಲು ಅನ್ನುವ ಪದದಿಂದ ಬಂದದ್ದು. ಹಲಸಿನ ಬಾಗಿಲು ಕೂರಿಸಿದವರಿಗೆ ಗೊತ್ತು, ಬಿಜಾಗರಿ ಹಿಡಿದು ಅಷ್ಟೂ ಭಾರ ಜಗ್ಗುವುದು ಆ ಮರವನ್ನೇ. ಕಾಲು ಅನ್ನದೆ ಇನ್ನೇನು ಅನ್ನಬೇಕು?

ಮೈಯ ಕಾರ್ಡುಗಳಲ್ಲಿ 'ಮಸಲ್' ನನಗೆ ಇಷ್ಟ. ಲ್ಯಾಟಿನ್ನಿನಲ್ಲಿ ಪುಟ್ಟ ಇಲಿ. ಉಜ್ಜುಗೊರಡು ನೂಕುವಾಗ ತೋಳಿನ ಚರ್ಮದ ಕೆಳಗೆ ಓಡಾಡುತ್ತದಲ್ಲ, ಅದೇ. ಕಣ್ಣಿನ 'ಪ್ಯೂಪಿಲ್' ಪುಟ್ಟ ಗೊಂಬೆ. ಎದುರಿನವರ ಕಣ್ಣಲ್ಲಿ ನಮ್ಮದೇ ಚಿಕ್ಕ ರೂಪ ಕಾಣುತ್ತದೆ, ಅದಕ್ಕೆ. ನಾವೂ ಕಣ್ಣ ಪಾಪೆ ಅನ್ನುತ್ತೇವೆ, ಪಾಪೆ ಅಂದರೂ ಗೊಂಬೆಯೇ. ಇದನ್ನು ಕಾರ್ಡಿನಲ್ಲಿ ಹಾಕಬಹುದಿತ್ತು.

ಕೆಟ್ಟದ್ದು 'ಅಟ್ಟಿಕ್'. ನಮ್ಮ 'ಅಟ್ಟ'ದಿಂದಲೇ ಆ ಪದ ಹುಟ್ಟಿತು ಅಂತ ಅಚ್ಚು ಹಾಕಿದ್ದಾರೆ. ಅಟ್ಟದಿಂದ ಅಡಿಕೆ ಚೀಲ ಇಳಿಸಿದ ಶಿರಸಿಯವರೆಲ್ಲ ಖುಷಿಯಿಂದ ಒಪ್ಪಿಕೊಳ್ಳುತ್ತಾರೆ ಬಿಡಿ. ನಿಜ ಬೇರೆ. ಅಥೆನ್ಸ್ ಇರುವ ಅಟ್ಟಿಕಾ ಪ್ರದೇಶದ ಹೆಸರು ಅದು. ಆ ಶೈಲಿಯ ಸಣ್ಣ ಕಂಬಗಳ ಸಾಲನ್ನು ಯುರೋಪಿನಲ್ಲಿ ದೊಡ್ಡ ಕಟ್ಟಡಗಳ ಮುಂಭಾಗದ ತುದಿಗೆ ಕೂರಿಸುತ್ತಿದ್ದರು. ಬರುಬರುತ್ತಾ ಆ ಮಟ್ಟದ ಅಂತಸ್ತಿಗೆ ಆ ಹೆಸರಾಯಿತು, ಆಮೇಲೆ ಸೂರಿನ ಕೆಳಗಿನ ಕೋಣೆಗೆ. ಅಟ್ಟಕ್ಕೂ ಅದಕ್ಕೂ ಇರುವುದು ಸದ್ದಿನ ಹೋಲಿಕೆ ಮಾತ್ರ.

'ಟೆಂಪಲ್' ಕೂಡ ತಪ್ಪೇ. ತಲೆ ದೇವರ ಗುಡಿ, ಅದಕ್ಕೇ ಕಣತಲೆಗೆ ಆ ಹೆಸರಂತೆ! ಲ್ಯಾಟಿನ್ನಿನಲ್ಲಿ ಕಣತಲೆಗೆ 'ಟೆಂಪೊರ', ಗುಡಿಗೆ 'ಟೆಂಪ್ಲುಮ್'. ಎರಡು ಬೇರೆ ಪದ, ಇಂಗ್ಲಿಷಿಗೆ ಬಂದ ಮೇಲೆ ಒಂದೇ ಆಕಾರ ತಾಳಿದವು, ಅಷ್ಟೇ. ಸುಮ್ನೆ ಕಥೆ ಕಟ್ಟಿದ್ದಾರೆ.

ಕಾಗದವೂ ತೆಳು. ನಮ್ಮ ಆಷಾಢದ ಥಂಡಿಗೆ ಕಾರ್ಡುಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ 'ಕಿಚನ್' ಕಾರ್ಡಿನ ಬಣ್ಣವೇ ಕಿತ್ತು ಬಂತು. ಈಗ ಅಕ್ಕಿ ಡಬ್ಬದ ಪಕ್ಕ, ಒಲೆ ಮೇಲಿನ ಗೂಡಿನಲ್ಲಿ ಇಟ್ಟಿದ್ದೇವೆ.

ಮಾರಿದವರಿಗೆ ತಪ್ಪುಗಳನ್ನು ಬರೆದು ಕಳಿಸಿದೆ, ಉತ್ತರವಿಲ್ಲ. ಮನೆಗೆ, ಪಕ್ಕದಲ್ಲಿ ಕೂತು ಹೇಳಿಕೊಡುವವರಿದ್ದರೆ ತೆಗೆದುಕೊಳ್ಳಿ. ಶಾಲೆಯ ಲೈಬ್ರರಿಗೆ ತಿದ್ದಿದ ಮುದ್ರಣ ಬರುವವರೆಗೂ ಬೇಡ.