ಸಿಲೋಸೊ ಕೋಟೆಗೆ ವೀಲ್‌ಚೇರ್‌ನಲ್ಲಿ

ವೀಲ್‌ಚೇರ್‌ನಲ್ಲಿ ಓಡಾಡಲು ಶುರುಮಾಡಿದ ಮೇಲೆ ನಾನು ಯಾವ ಕೋಟೆಯನ್ನೂ ಹೆಬ್ಬಾಗಿಲಿನಿಂದಾಚೆಗೆ ನೋಡಿರಲಿಲ್ಲ. ಮನೆಯವರು ಮೇಲೆ ಹತ್ತುತ್ತಾರೆ, ನಾನು ಕೆಳಗೆ ನೆರಳಲ್ಲಿ ಅವರ ಚೀಲಗಳ ಜೊತೆ ಕೂತಿರುತ್ತೇನೆ. ಸಿಂಗಪುರದ ಸೆಂಟೋಸಾ ದ್ವೀಪದಲ್ಲಿರುವ ಸಿಲೋಸೊ ಕೋಟೆಯಲ್ಲಿ ಹಾಗಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೋಟೆ ಇರುವುದು ಗುಡ್ಡದ ಮೇಲೆ. ಬುಡದಲ್ಲೇ ಲಿಫ್ಟ್ ಇದೆ, ಹನ್ನೊಂದು ಮಹಡಿ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಂದ ಮರಗಳ ನೆತ್ತಿಯ ಮಟ್ಟದಲ್ಲಿ 181 ಮೀಟರ್ ಉದ್ದದ ಸ್ಕೈವಾಕ್, 2015ರಲ್ಲಿ ಆದದ್ದು. ಟಿಕೆಟ್ ಇಲ್ಲ. ನನ್ನ ತಮ್ಮ ಹಿಂದಿನಿಂದ ಕುರ್ಚಿಯ ಹಿಡಿಕೆ ಹಿಡಿಯಲು ಬಂದ. "ಬೇಡ ಕಣೋ, ಬಿಡು" ಅಂದೆ. ಸೆಕೆಗೆ ಅಂಗೈ ಬೆವೆತು ಗಾಲಿಯ ರಿಮ್ಮು ಜಾರುತ್ತಿತ್ತು, ಎರಡು ಸಲ ನಿಂತು ಪ್ಯಾಂಟಿಗೆ ಕೈ ಒರೆಸಿಕೊಂಡೆ. ಆದರೂ ಆ ಕಡೆಯವರೆಗೆ ನಾನೇ ತಳ್ಳಿಕೊಂಡು ಹೋದೆ. ಕೋಟೆಯೊಂದರ ತುದಿಯನ್ನು ತಮ್ಮನಿಗಿಂತ ಮೊದಲು ಮುಟ್ಟಿದ್ದು ಅದೇ ಮೊದಲು.

ಒಳಗೆ ದಾರಿ ಏರಿಳಿತದ್ದು, ಅಲ್ಲಿ ಜೊತೆಗೊಬ್ಬರು ಬೇಕೇ ಬೇಕು. ಇಳಿಜಾರಿನಲ್ಲಿ ತಮ್ಮ ನನ್ನ ಕುರ್ಚಿಯನ್ನು ಹಿಮ್ಮುಖ ಮಾಡಿ ನಿಧಾನಕ್ಕೆ ಇಳಿಸಿದ. ಮೆಟ್ಟಿಲಿರುವ ಸುರಂಗಕ್ಕೆ ನಾನು ಹೋಗಲಿಲ್ಲ. ಅವನು ಒಳಹೊಕ್ಕು ವಿಡಿಯೋ ಮಾಡಿಕೊಂಡು ಬಂದ. ಹೋಗುವವರು ಗ್ಲೌಸ್ ಒಯ್ಯಿರಿ, ಬೆಳಿಗ್ಗೆಯೇ ಹೋಗಿ.

ಕೆಪೆಲ್ ಬಂದರಿನ ಪಶ್ಚಿಮದ ಬಾಯಿ ಕಾಯಲು ಬ್ರಿಟಿಷರು 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಕೋಟೆ ಇದು. ತೋಪುಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಶತ್ರು ಸಮುದ್ರದಿಂದ ಬರುತ್ತಾನೆಂದು ಇವನ್ನು ಹೂಡಿದ್ದರು. 1942ರಲ್ಲಿ ಜಪಾನಿನ ಸೈನ್ಯ ಉತ್ತರದಿಂದ, ಮಲಯ ಪರ್ಯಾಯ ದ್ವೀಪ ದಾಟಿ ಬಂತು. ಸಿಂಗಪುರದ ಕರಾವಳಿ ತೋಪುಗಳನ್ನು ನೆಲದ ಕಡೆಗೆ ತಿರುಗಿಸಲೇ ಆಗಲಿಲ್ಲ ಎನ್ನುವುದು ತಪ್ಪು. ಹಲವು ತಿರುಗಿದವು, ಗುಂಡೂ ಹಾರಿಸಿದವು. ಆದರೆ ಅವುಗಳಲ್ಲಿದ್ದ ಗುಂಡುಗಳು ಹೆಚ್ಚಾಗಿ ಹಡಗಿನ ಉಕ್ಕು ಸೀಳುವಂಥವು, ಕಾಡಿನಲ್ಲಿ ಚದುರಿ ಬರುವ ಸೈನಿಕರ ಮೇಲೆ ಅಷ್ಟಾಗಿ ಕೆಲಸಕ್ಕೆ ಬರಲಿಲ್ಲ.

ಶರಣಾಗತಿಯ ಕೋಣೆಯಲ್ಲಿ ಮೇಣದ ಬೊಂಬೆಗಳಿವೆ. ಬ್ರಿಟಿಷರು ಜಪಾನಿಗೆ ನಿಜವಾಗಿ ಶರಣಾದದ್ದು ಇಲ್ಲಲ್ಲ, 1942ರ ಫೆಬ್ರುವರಿ 15ರಂದು ಫೋರ್ಡ್ ಕಾರ್ಖಾನೆಯಲ್ಲಿ. ಇಲ್ಲಿರುವುದು ಅದರ ರೂಪ. ಮೇಜಿನ ಒಂದು ಕಡೆ ಜಪಾನಿನ ಸೇನಾಪತಿ ಯಮಾಶಿತ, ಇನ್ನೊಂದು ಕಡೆ ಬ್ರಿಟಿಷ್ ಸೇನಾಪತಿ ಪರ್ಸಿವಲ್. ನಿಂತವರು ಅವರನ್ನು ಮೇಲಿನಿಂದ ನೋಡುತ್ತಿದ್ದರು. ಕೂತಿದ್ದ ನನಗೆ ಪರ್ಸಿವಲ್‌ನ ಕಣ್ಣು ನೇರ ನನ್ನ ಕಣ್ಣಿನ ಮಟ್ಟಕ್ಕೇ ಇತ್ತು. "ಹೋಗೋಣ್ವಾ ಅಣ್ಣ?" ಅಂತ ತಮ್ಮ ಕೇಳಿದ. "ಇನ್ನೊಂದು ಸ್ವಲ್ಪ ಹೊತ್ತು" ಅಂದೆ.