ಹೈಕೋರ್ಟ್ ನ್ಯಾಯಮೂರ್ತಿಯ ಮೇಲೆ ದೂರು: ತೆಗೆದುಕೊಳ್ಳುತ್ತಾರೆ, ತಿಳಿಸುವುದಿಲ್ಲ

ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿಯೊಬ್ಬರ ನಡತೆಯ ಬಗ್ಗೆ ದೂರು ಕೊಡಲು ವಕೀಲರೇ ಬೇಕೆಂದಿಲ್ಲ. ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಗೆ, ಭಾರತದ ಮುಖ್ಯ ನ್ಯಾಯಮೂರ್ತಿಗೆ ಅಥವಾ ರಾಷ್ಟ್ರಪತಿಗೆ ನೇರವಾಗಿ ಬರೆಯಬಹುದು. ಕೇಂದ್ರದ ಸಾರ್ವಜನಿಕ ದೂರುಗಳ ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ಹಾಕಿದರೂ ಅದು ಅಂಚೆಯಣ್ಣನಂತೆ ಈ ಮುಖ್ಯ ನ್ಯಾಯಮೂರ್ತಿಗಳಿಗೇ ದಾಟಿಸುತ್ತದೆ, ಅಷ್ಟೆ.

ಹೆಚ್ಚಿನ ದೂರುಗಳು ಸಾಯುವುದು ಮೊದಲ ಪುಟದಲ್ಲೇ. 'ತೀರ್ಪು ತಪ್ಪು' ಎನ್ನುವುದು ಇಲ್ಲಿ ದೂರಲ್ಲ, ಅದಕ್ಕೆ ಮೇಲ್ಮನವಿ ಇದೆ. ಪ್ರಕರಣ ಸಂಖ್ಯೆ, 16 ಅಕ್ಷರದ ಸಿಎನ್‌ಆರ್ (ಪ್ರತಿ ಪ್ರಕರಣಕ್ಕೂ ಕೊಡುವ ವಿಶಿಷ್ಟ ಗುರುತು ಸಂಖ್ಯೆ), ವಿಚಾರಣೆಯ ದಿನಾಂಕ, ಯಾರು ಯಾರಿಗೆ ಏನು ಕೊಟ್ಟರು ಎಂಬುದಕ್ಕೆ ಪರಿಶೀಲಿಸಬಹುದಾದ ದಾಖಲೆ ಇರಲಿ. ಜೊತೆಗೆ ಪ್ರಮಾಣಪತ್ರವೂ (ಅಫಿಡವಿಟ್) ಇದ್ದರೆ ತೂಕ ಬೇರೆ. ಸಹಿ ಇಲ್ಲದ ಪತ್ರದ ಗತಿ ಹೇಳಬೇಕಿಲ್ಲ. ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡಬೇಡಿ: ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಕಲಂ ಸದುದ್ದೇಶದ ದೂರಿಗೆ ಕೊಡುವ ರಕ್ಷಣೆ ಅಧೀನ ನ್ಯಾಯಾಲಯಗಳ ನ್ಯಾಯಾಧೀಶರ ವಿಷಯಕ್ಕಷ್ಟೇ ಬರೆದದ್ದು.

ಮುಂದಿನದು 1999ರ ಆಂತರಿಕ ವಿಧಾನ, ಅಂದರೆ ನ್ಯಾಯಾಂಗ ತನ್ನೊಳಗೇ ನಡೆಸುವ ವಿಚಾರಣೆ. ದೂರಿನಲ್ಲಿ ಹುರುಳಿದೆ ಎನಿಸಿದರೆ ನ್ಯಾಯಮೂರ್ತಿಯ ಉತ್ತರ ಕೇಳುತ್ತಾರೆ. ಅದೂ ಸಾಲದಿದ್ದರೆ ಮೂವರ ಸಮಿತಿ, ಅಂದರೆ ಬೇರೆ ಹೈಕೋರ್ಟ್‌ಗಳ ಇಬ್ಬರು ಮುಖ್ಯ ನ್ಯಾಯಮೂರ್ತಿಗಳು ಮತ್ತು ಒಬ್ಬ ನ್ಯಾಯಮೂರ್ತಿ. ಆರೋಪ ಗಂಭೀರವೆಂದು ಕಂಡರೆ ರಾಜೀನಾಮೆಯ ಸಲಹೆ, ಒಪ್ಪದಿದ್ದರೆ ಕೆಲಸ ಹಂಚದಿರುವುದು, ಕೊನೆಗೆ ರಾಷ್ಟ್ರಪತಿ ಮತ್ತು ಪ್ರಧಾನಿಗೆ ವರದಿ. ದೂರು ಕೊಟ್ಟವರಿಗೆ ಆ ವರದಿ ಸಿಗುವುದಿಲ್ಲ. 2003ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಬಹಿರಂಗಪಡಿಸಲು ನಿರಾಕರಿಸಿತ್ತು. ದೂರು ಸ್ವೀಕಾರಕ್ಕೆ ಐದಕ್ಕೆ ನಾಲ್ಕು ಕೊಡಬಹುದು, ಪಾರದರ್ಶಕತೆಗೆ ಒಂದೂ ಹೆಚ್ಚೇ.

ನ್ಯಾಯಮೂರ್ತಿಯನ್ನು ಪದಚ್ಯುತಗೊಳಿಸುವ ಸಂಸತ್ತಿನ ದಾರಿಗೆ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ ಬೇಕು. ಇದರ ತೂತು ಏನೆಂದು ನಮ್ಮ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಪ್ರಕರಣ ತೋರಿಸಿತು: ವಿಚಾರಣಾ ಸಮಿತಿ ಕೆಲಸದಲ್ಲಿದ್ದಾಗಲೇ ಅವರು 2011ರಲ್ಲಿ ರಾಜೀನಾಮೆ ಕೊಟ್ಟರು, ಆರೋಪ ನಿಜವೋ ಸುಳ್ಳೋ ತೀರ್ಮಾನವಾಗದೆ ವಿಚಾರಣೆ ಅಲ್ಲಿಗೇ ನಿಂತಿತು. ಸುಧಾರಣೆ ಶುರುವಾಗಬೇಕಾದ್ದು ಇಲ್ಲಿಂದ, ರಾಜೀನಾಮೆಯ ನಂತರವೂ ವಿಚಾರಣೆ ಮುಗಿಸುವ ನಿಯಮದಿಂದ. ನೇರ ಎಫ್‌ಐಆರ್ ಆಸೆ ಬೇಡ. ಸುಪ್ರೀಂ ಕೋರ್ಟ್‌ನ 1991ರ ವೀರಸ್ವಾಮಿ ತೀರ್ಪಿನ ಪ್ರಕಾರ ಭಾರತದ ಮುಖ್ಯ ನ್ಯಾಯಮೂರ್ತಿಯ ಜೊತೆ ಸಮಾಲೋಚನೆ ಮೊದಲು. ಹೈಕೋರ್ಟ್ ನ್ಯಾಯಮೂರ್ತಿಗಳ ಮೇಲಿನ ದೂರು ನೋಡಲು ತನಗೆ ಅಧಿಕಾರವಿದೆ ಎಂದ ಲೋಕಪಾಲದ (ಕೇಂದ್ರದ ಭ್ರಷ್ಟಾಚಾರ ತಡೆ ಸಂಸ್ಥೆ) ಆದೇಶಕ್ಕೆ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಹಣ ಕೇಳಿದ್ದು ನ್ಯಾಯಮೂರ್ತಿಯಲ್ಲ, ಕಚೇರಿಯ ಸಿಬ್ಬಂದಿ ಎಂದಾದರೆ ದಾರಿ ಬೇರೆ, ಎಷ್ಟೋ ಚುರುಕು ಕೂಡ: ರಿಜಿಸ್ಟ್ರಾರ್ (ವಿಜಿಲೆನ್ಸ್) ಅಥವಾ ಲೋಕಾಯುಕ್ತ ಪೊಲೀಸ್. ಒತ್ತಾಯಕ್ಕೆ ಕೊಟ್ಟುಬಿಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ತಿಳಿಸಿ. ತಡವಾದರೆ ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಂತೆ ಕೊಟ್ಟವರೂ ಆರೋಪಿ.