ದೂರು ಪೆಟ್ಟಿಗೆಯೋ, 25 ರೂಪಾಯಿಯ ನೋಟ್‌ಬುಕ್ಕೋ?

ಮೊದಲೇ ಹೇಳಿಬಿಡುತ್ತೇನೆ, ದೊಡ್ಡವರಾಗುತ್ತಿರುವ ಮಕ್ಕಳ ಬಾಯಿ ಬಿಡಿಸಲು ನನ್ನ ಓಟು ನೋಟ್‌ಬುಕ್ಕಿಗೆ. ಪೆಟ್ಟಿಗೆಗೆ ದುಡ್ಡು ಸುರಿದು ಬುದ್ಧಿ ಕಲಿತವಳು ನಾನು.

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಮನೆಯ ಬೆಕ್ಕು ಮರಿ ಹಾಕಿದ್ದನ್ನೂ ಓಡಿಬಂದು ಹೇಳುತ್ತಿದ್ದ ಮಕ್ಕಳು ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ "ಏನಿಲ್ಲ ಮಿಸ್" ಅನ್ನುವುದನ್ನು ಕಲಿತಿರುತ್ತಾರೆ. ಧ್ವನಿ ಒಡೆದ ಹುಡುಗನಿಗೆ ಎದ್ದು ಓದು ಅಂದರೆ ತಲೆ ಎತ್ತುವುದಿಲ್ಲ. ಮುಟ್ಟಾದ ಹುಡುಗಿ ಕಾರಣ ಹೇಳದೆ ಮೂರು ದಿನ ರಜೆ. ಇವರ ಬಾಯಿ ಬಿಡಿಸಲು ಎರಡು ವರ್ಷದಲ್ಲಿ ಎರಡು ದಾರಿ ನೋಡಿದೆ.

ಶಾಲೆಯಲ್ಲಿ ಮೊದಲೇ ಒಂದು ದೂರು ಪೆಟ್ಟಿಗೆ ಇತ್ತು, ಮುಖ್ಯ ಶಿಕ್ಷಕರ ಕೋಣೆಯ ಒಳಗೆ! ಅಲ್ಲಿಗೆ ಹೋಗಿ ಚೀಟಿ ಹಾಕುವ ಧೈರ್ಯ ನನಗೇ ಇಲ್ಲ. ತಗಡಿನದೊಂದು ಹೊಸದು ಮಾಡಿಸಿ, ಬೀಗ ಸೇರಿ 620 ರೂಪಾಯಿ ಕೊಟ್ಟು, ತರಗತಿಯ ಹಿಂದಿನ ಗೋಡೆಗೆ ಹೊಡೆಸಿದೆ. ಮೊದಲ ವಾರ ಬಂದದ್ದು: "ಪಿಟಿ ಪೀರಿಯಡ್‌ನಲ್ಲಿ ಲೆಕ್ಕ ಮಾಡಿಸ್ಬೇಡಿ", "ಚಿಕ್ಕಿ ಬೇಡ, ಬಾಳೆಹಣ್ಣು ಕೊಡಿ". ಜೊತೆಗೆ ಒಂದು ಚಿಕ್ಕಿ ಕವರ್.

ನವೆಂಬರ್‌ನಲ್ಲಿ ಇನ್ನೊಂದು ಬಂತು. "ನಂಗೆ ಸ್ಕೂಲಿಗೆ ಬರಕ್ಕಾಗಲ್ಲ ಮಿಸ್. ಯಾರ್ಗೂ ಹೇಳ್ಬೇಡಿ." ಹೆಸರಿಲ್ಲ. ಸ್ಕೇಲಿಟ್ಟು ನೀಟಾಗಿ ಹರಿದ ಹಾಳೆ. ಕೈಬರಹದ ಗುರುತು ಸಿಗಬಾರದೆಂದು ಅಕ್ಷರಗಳನ್ನು ಬಿಡಿಬಿಡಿಯಾಗಿ, ಒತ್ತಿ ಒತ್ತಿ ಬರೆದಿತ್ತು.

ಆ ರಾತ್ರಿ ಕಿರುಪರೀಕ್ಷೆಯ (ಎಫ್‌ಎ) ಉತ್ತರಪತ್ರಿಕೆಗಳನ್ನೆಲ್ಲ ಹರಡಿಕೊಂಡು ಒಂದೊಂದಕ್ಕೂ ಚೀಟಿ ಹೋಲಿಸಿದೆ. ಆ ಅರ್ಕಾವತ್ತಿನ ಬಾಲ ಮೂವರದ್ದಕ್ಕೆ ಹೊಂದುತ್ತಿತ್ತು, ಮೂವರದ್ದೂ ಅಲ್ಲ ಅಂತಲೂ ಅನ್ನಿಸುತ್ತಿತ್ತು. ಮರುದಿನ ನಾನು ಮಾಡಿದ್ದು ಶುದ್ಧ ದಡ್ಡತನ. "ಒಂದು ಚೀಟಿ ಬಂದಿದೆ, ಬರೆದವರು ಬಂದು ನನ್ನನ್ನ ನೋಡಿ" ಅಂತ ಕ್ಲಾಸಿನಲ್ಲಿ ಹೇಳಿಬಿಟ್ಟೆ. 34 ಮುಖಗಳೂ ಒಂದನ್ನೊಂದು ನೋಡಿಕೊಂಡವು. ಮಧ್ಯಾಹ್ನದ ಊಟದ ಹೊತ್ತಿಗೆ, ಅದು ಮೂರನೇ ಬೆಂಚಿನ ಮಾತಾಡದ ಹುಡುಗಿಯದೇ ಅಂತ ತೀರ್ಮಾನವಾಗಿತ್ತು. ಅವಳು ತಟ್ಟೆ ಬಿಟ್ಟು ಎದ್ದು ಅತ್ತಳು. ಅವಳು ಬರೆದಿರಲೇ ಇಲ್ಲ. ಆಮೇಲೆ ಆ ಪೆಟ್ಟಿಗೆಗೆ ವರ್ಷವಿಡೀ ಒಂದು ಚೀಟಿಯೂ ಬೀಳಲಿಲ್ಲ. ಬರೆದವರು ಯಾರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಪೆಟ್ಟಿಗೆಯ ತೊಂದರೆ ಇದೇ. ಮಗು ನಮಗೆ ಹೇಳಬಹುದು, ನಾವು ಮಗುವಿಗೆ ತಿರುಗಿ ಹೇಳಲು ದಾರಿಯಿಲ್ಲ.

ಮರುವರ್ಷ 34 ನೋಟ್‌ಬುಕ್, 850 ರೂಪಾಯಿ, ಎಲ್ಲಕ್ಕೂ ಒಂದೇ ಥರ ಬೈಂಡು. ಸೋಮವಾರ ಮಕ್ಕಳು ಮನಸ್ಸಿನಲ್ಲಿರುವುದನ್ನು ಬರೆಯಬೇಕು, ಗುರುವಾರದೊಳಗೆ ನಾನು ಉತ್ತರಿಸಬೇಕು. ಎಲ್ಲರೂ ಬರೆಯುವುದರಿಂದ ಯಾರು ಬರೆದರು ಅನ್ನುವ ಪ್ರಶ್ನೆಯೇ ಇಲ್ಲ. ಕೆಂಪು ಪೆನ್ನು ಮುಟ್ಟುವುದಿಲ್ಲ, ಕಾಗುಣಿತ ತಿದ್ದುವುದಿಲ್ಲ. ಮೊದಲ ಪುಟದಲ್ಲಿ ಮಾತ್ರ ನಾನೇ ಬರೆದುಕೊಟ್ಟೆ: ಯಾರಾದರೂ ನಿನ್ನ ಮೈಮುಟ್ಟಿ ಹಿಂಸೆ ಕೊಡುತ್ತಿದ್ದರೆ ಅದನ್ನು ನಾನು ಗುಟ್ಟಾಗಿ ಇಟ್ಟುಕೊಳ್ಳಲಾರೆ, ಸಹಾಯ ಕೇಳಲೇಬೇಕು. ಕೆಳಗೆ ಮಕ್ಕಳ ಸಹಾಯವಾಣಿ 1098. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಬಂದ ಮೇಲೆ ಇಂಥದ್ದು ಗೊತ್ತಾದರೆ ಸುಮ್ಮನಿರುವಂತಿಲ್ಲ. ಗುಟ್ಟು ಕಾಯುತ್ತೇನೆಂದು ಮಾತು ಕೊಟ್ಟು ಆಮೇಲೆ ತಪ್ಪುವುದಕ್ಕಿಂತ ಮೊದಲೇ ಹೇಳಿಬಿಡುವುದು ವಾಸಿ.

ಒಬ್ಬ ಹುಡುಗ ಆರು ವಾರ ಬರೀ "ಏನಿಲ್ಲ" ಬರೆದ. ಅವನ ಸ್ವೆಟರಿಗೆ ಯಾವಾಗಲೂ ಕೋಳಿಪುಕ್ಕ ಅಂಟಿರುತ್ತಿತ್ತು. "ಕೋಳಿ ಎಷ್ಟಿವೆಯೋ?" "ಹುಂಜ ಕುಕ್ಕುತ್ತಾ?" ಅಂತ ವಾರಕ್ಕೊಂದು ಕೇಳುತ್ತಾ ಹೋದೆ. ಏಳನೇ ವಾರ: "ಮಾರ್ಬಿಟ್ರು ಮಿಸ್. ಅಪ್ಪ ನನ್ನ ಕೇಳ್ಲೇ ಇಲ್ಲ." ಅದರ ಕೆಳಗೆ ಒಂದೂವರೆ ಪುಟ. ಅಷ್ಟು ಉದ್ದ ಅವನು ಪರೀಕ್ಷೆಯಲ್ಲೂ ಬರೆದವನಲ್ಲ.

ನೋಟ್‌ಬುಕ್ಕಿಗೆ ಸಮಯ ಬೇಕು. ಬಸ್ಸಿನಲ್ಲಿ ಓದುವ ಹಾಗಿಲ್ಲ, ಪಕ್ಕದವರು ಇಣುಕುತ್ತಾರೆ. ಸ್ಯಾಟ್ಸ್ ಎಂಟ್ರಿ (ಮಕ್ಕಳ ವಿವರವನ್ನು ಸರ್ಕಾರದ ಆನ್‌ಲೈನ್ ದಾಖಲೆಗೆ ಹಾಕುವ ಕೆಲಸ) ಇರುವ ವಾರ ನನ್ನ ಉತ್ತರ ಎರಡೇ ಸಾಲು, ಮಕ್ಕಳು ಅದನ್ನು ಎತ್ತಿ ತೋರಿಸುತ್ತಾರೆ ಕೂಡ. ಮನೆಗೆ ಕಳಿಸುವುದಿಲ್ಲ, ಬೀರುವಿನಲ್ಲೇ ಬೀಗ ಹಾಕಿಡುತ್ತೇನೆ. ತರಗತಿಯಲ್ಲಿ 60 ಮಕ್ಕಳಿದ್ದರೆ ಈ ಸಾಹಸ ಬೇಡ.

ವಾಟ್ಸಾಪ್ ಗ್ರೂಪ್ ಮಾಡಬಹುದಲ್ಲ ಅಂದರು ಒಬ್ಬರು. ಫೋನು ಅಪ್ಪನದು, ಮುಗೀತು.

ಆದರೂ ಪೆಟ್ಟಿಗೆಯನ್ನು ಗುಜರಿಗೆ ಹಾಕಿಲ್ಲ. ಮಿಸ್ ಹೊಡೀತಾರೆ ಅಂತ ಮಿಸ್ ಓದುವ ಪುಸ್ತಕದಲ್ಲೇ ಯಾರು ಬರೀತಾರೆ? ಅದೀಗ ನಲ್ಲಿ ಹತ್ತಿರದ ಗೋಡೆಯಲ್ಲಿದೆ. ಬೀಗದ ಕೈ ನನ್ನ ಹತ್ತಿರ ಇಲ್ಲ, ಒಂದನೇ ಕ್ಲಾಸಿನ ಟೀಚರ್ ಹತ್ತಿರ ಇದೆ.

ಈ ಜೂನ್‌ಗೆ 38 ನೋಟ್‌ಬುಕ್ ಹೇಳಿದ್ದೇನೆ. ಡಜನ್ ಲೆಕ್ಕದಲ್ಲಿ ತಗೊಂಡರೆ 22ಕ್ಕೆ ಕೊಡುತ್ತಾರಂತೆ.